ಹೃದಯದಾಕಾರದ ಎಲೆಯಿದ್ದ ಮಾತ್ರಕ್ಕೆ ಅಮೃತಬಳ್ಳಿಯಲ್ಲ

ಪ್ರಶ್ನೆ: ಮನೆಯ ಹಿಂದಿನ ಬೇಲಿಯ ಮೇಲೆ ಎರಡು ಬಳ್ಳಿಗಳು ತಾವಾಗಿಯೇ ಹಬ್ಬಿಕೊಂಡಿವೆ. ಒಂದರ ಎಲೆ ಹೃದಯದ ಆಕಾರದಲ್ಲಿದೆ; ಕಾಂಡ ಬೂದುಬಣ್ಣದ್ದಾಗಿದ್ದು ಮೈತುಂಬ ಗುಳ್ಳೆಯಂಥ ಉಬ್ಬುಗಳಿವೆ. ಇದು ಅಮೃತಬಳ್ಳಿಯೇ ಎಂದು ಪರಿಚಯದವರು ಹೇಳಿದ್ದರಿಂದ ಕಷಾಯ ಮಾಡಿ ಕುಡಿಯಬೇಕೆಂದಿದ್ದೇವೆ. ಇನ್ನೊಂದರ ಎಲೆ ತೊಂಡೆಯ ಎಲೆಯಂತಿದೆ, ಬಿಳಿ ಗೆರೆಗಳಿರುವ ಗುಂಡನೆಯ ಹಣ್ಣುಗಳು ಕೆಂಪಾಗುತ್ತಿವೆ. ಮಕ್ಕಳ ಕಣ್ಣು ಅವುಗಳ ಮೇಲಿದೆ. ವಿಷದ ಬಳ್ಳಿ ಯಾವುದು, ಅಪಾಯವಿಲ್ಲದ್ದು ಯಾವುದು ಎಂದು ಗುರುತಿಸುವುದು ಹೇಗೆ?

ಉತ್ತರ: ಮೊದಲು ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಷಾಯದ ಯೋಚನೆಯನ್ನು ಬಿಡಿ, ಗೆರೆಹಣ್ಣಿನ ಬಳ್ಳಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಮೊದಲನೆಯದು ಅಮೃತಬಳ್ಳಿಯ ದಾಯಾದಿಯಾದ ಟೈನೋಸ್ಪೊರಾ ಕ್ರಿಸ್ಪಾ ಇರಬಹುದೆಂಬ ಅನುಮಾನ ಬರುತ್ತದೆ. ಎರಡನೆಯದು ಬಹುತೇಕ ಲಿಂಗತೊಂಡೆ. ಆದರೆ ಬರೀ ವರ್ಣನೆಯನ್ನು ಓದಿ ಬಳ್ಳಿಗೆ ಹೆಸರಿಡುವುದು ಸರಿಯಲ್ಲ. ಆದ್ದರಿಂದ ನೀವೇ ಬೇಲಿಯ ಬಳಿ ನಿಂತು ಏನೇನು ನೋಡಬೇಕೆಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಳ್ಳಿಗಳನ್ನು ಗುರುತಿಸುವಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಎಲೆಯ ಆಕಾರವೊಂದನ್ನೇ ನಂಬಿದ್ದರಿಂದ ಆಗುವಂಥವು. ಹೃದಯದಾಕಾರದ ಎಲೆ ಅಮೃತಬಳ್ಳಿಗಿದೆ, ವೀಳ್ಯದೆಲೆಯ ಬಳ್ಳಿಗಿದೆ, ಮನಿಪ್ಲಾಂಟಿಗಿದೆ, ಕಾಡುಗೆಣಸಿನ ಹಲವು ಜಾತಿಗಳಿಗಿದೆ, ವಿಷದ ಕಾಕಮಾರಿಗೂ ಇದೆ. ಇವುಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಕುಟುಂಬಗಳ ಸಸ್ಯಗಳು ಸೇರಿವೆ. ಹಾಗಾಗಿ ಎಲೆ ಎಂಬುದು ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ. ಕಾಂಡ, ತೊಟ್ಟು, ಗೆಣ್ಣು, ರಸ, ಹತ್ತುವ ರೀತಿ, ಹೂವು, ಹಣ್ಣು ಇಷ್ಟೂ ಒಂದೇ ಮಾತು ಹೇಳಿದಾಗ ಮಾತ್ರ ಹೆಸರು ಗಟ್ಟಿಯಾಗುತ್ತದೆ.

ಅಮೃತಬಳ್ಳಿಯಿಂದಲೇ ಶುರುಮಾಡೋಣ. ಬೆರಳುಗಾತ್ರದ ಕಾಂಡವೊಂದನ್ನು ಆರಿಸಿಕೊಂಡು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ನಿಜವಾದ ಅಮೃತಬಳ್ಳಿಯಲ್ಲಿ ಹೊರಸಿಪ್ಪೆ ತೆಳುವಾದ ಕಾಗದದಂತೆ ಸುಲಿದು ಬರುತ್ತದೆ, ಅದರ ಕೆಳಗೆ ಹಸಿರು ಪದರ ಕಾಣಿಸುತ್ತದೆ. ಕತ್ತರಿಸಿದರೆ ಒಸರುವುದು ನೀರಿನಂಥ, ತುಸು ಲೋಳೆಯಾದ ರಸ, ಹಾಲಲ್ಲ. ಮೇಲಿನ ಕಾಂಡದಿಂದ ದಾರದಂಥ ಸಪೂರ ಬಿಳಲುಗಳು ನೆಲದ ಕಡೆಗೆ ಇಳಿದಿರುತ್ತವೆ. ಎಲೆಯ ತೊಟ್ಟು ಉದ್ದವಾಗಿದ್ದು, ಕಾಂಡಕ್ಕೆ ಅಂಟುವಲ್ಲಿ ಗಂಟಿನಂತೆ ಉಬ್ಬಿ ಸ್ವಲ್ಪ ತಿರುಚಿಕೊಂಡಿರುತ್ತದೆ. ಹಣ್ಣು ಬಟಾಣಿಯಷ್ಟು ಗಾತ್ರದ್ದು, ದುಂಡನೆಯದು, ಮಾಗಿದಾಗ ಕಡುಗೆಂಪು.

ಟೈನೋಸ್ಪೊರಾ ಕ್ರಿಸ್ಪಾ ಇದೇ ಕುಲಕ್ಕೆ ಸೇರಿದ, ಆಗ್ನೇಯ ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ ಬಳ್ಳಿ. ಎಲೆಗಳನ್ನಷ್ಟೇ ಕೈಯಲ್ಲಿಟ್ಟರೆ ಅನುಭವಿಗಳೂ ತಡವರಿಸುತ್ತಾರೆ. ಅದರ ಕಾಂಡ ಬೂದು ಛಾಯೆಯದು, ಉದ್ದಕ್ಕೂ ಮೊಂಡಾದ ಗಂಟುಗಂಟು ಉಬ್ಬುಗಳಿಂದ ಒರಟಾಗಿರುತ್ತದೆ, ಕತ್ತರಿಸಿದರೆ ಹಾಲಿನಂಥ ರಸ ಬರುತ್ತದೆ, ಹಣ್ಣು ದುಂಡಗಿರದೆ ಉದ್ದುದ್ದವಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಹಳೆಯ ಅಮೃತಬಳ್ಳಿಯ ಕಾಂಡದ ಮೇಲೂ ಗಾಳಿಯಾಡುವ ಸಣ್ಣ ರಂಧ್ರಗಳ ಸುತ್ತ ಚುಕ್ಕೆಚುಕ್ಕೆಯಾಗಿ ಉಬ್ಬಿರುತ್ತದೆ. ಆ ಚುಕ್ಕೆಗಳು ಸಿಪ್ಪೆಯ ಜೊತೆಗೇ ಸುಲಿದುಹೋಗುತ್ತವೆ. ಕ್ರಿಸ್ಪಾದ ಉಬ್ಬುಗಳು ಕಾಂಡದ ಮೈಯಿಂದಲೇ ಎದ್ದಿರುವುದರಿಂದ ಹಾಗೆ ಹೋಗುವುದಿಲ್ಲ. ನಿಮ್ಮ ಬಳ್ಳಿಯ ವಿಷಯದಲ್ಲಿ ನಾನು ಮೊದಲು ನೋಡಬಯಸುವುದು ಇದನ್ನೇ. ನಡುವಯಸ್ಸಿನ ಕಾಂಡವೊಂದನ್ನು ಕತ್ತರಿಸಿ, ಬಿಳಿಯ ಬಟ್ಟೆಯ ಮೇಲೆ ಒತ್ತಿ, ರಸದ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ.

ಈ ವ್ಯತ್ಯಾಸ ಪುಸ್ತಕಕ್ಕೆ ಸೀಮಿತವಾದದ್ದಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಸೇವನೆ ಬಹಳ ಹೆಚ್ಚಿದಾಗ, ಯಕೃತ್ತಿಗೆ ಪೆಟ್ಟು ಬಿದ್ದ 6 ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯವು ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಕ್ರಿಸ್ಪಾ ಮುಂತಾದವು ಅಪಾಯಕಾರಿಯಾಗಬಹುದೆಂದೂ ಹೇಳಿ, ಎರಡರ ಲಕ್ಷಣಗಳನ್ನು ಅಕ್ಕಪಕ್ಕದಲ್ಲಿಟ್ಟು 2022ರಲ್ಲಿ ಪ್ರಕಟಣೆ ಹೊರಡಿಸಿತು. ವರದಿ ಮಾಡಿದ ವೈದ್ಯರು ಮಾತ್ರ, ತಮ್ಮ ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯನ್ನೇ ಎಂಬ ನಿಲುವಿನಲ್ಲಿ ಉಳಿದರು. ನಾನು ಸಸ್ಯಗಳನ್ನು ಗುರುತಿಸುವವನು, ವೈದ್ಯನಲ್ಲ. ಆದರೂ ಒಂದು ಮಾತು ಹೇಳುವುದು ನನ್ನ ಕರ್ತವ್ಯ. ಬಳ್ಳಿಯ ಹೆಸರು ಸರಿಯಾಗಿ ಸಿಕ್ಕಿತೆಂದರೆ ಅದನ್ನು ಕುಡಿಯಲು ಅನುಮತಿ ಸಿಕ್ಕಂತಲ್ಲ. ಯಕೃತ್ತಿನ ತೊಂದರೆ ಇರುವವರು, ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ ಇರುವವರು ನಿಜವಾದ ಅಮೃತಬಳ್ಳಿಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಅಮೃತಬಳ್ಳಿಯ ಕಾಂಡವನ್ನು ಅಡ್ಡಕ್ಕೆ ಕೊಯ್ದರೆ ಗಾಡಿಯ ಚಕ್ರದಂತೆ ಕಡ್ಡಿಗಳು ಕಾಣುತ್ತವೆ ಎಂಬುದು ಹಳೆಯ ಪರೀಕ್ಷೆ. ಸಂಸ್ಕೃತದಲ್ಲಿ ಇದಕ್ಕೆ ‘ಚಕ್ರಲಕ್ಷಣಾ’ ಎಂಬ ಹೆಸರು ಬಂದದ್ದೇ ಅದರಿಂದ. ಪರೀಕ್ಷೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ನೀರು ಸಾಗಿಸುವ ಕಟ್ಟುಗಳ ನಡುವೆ ಅಗಲವಾದ ಮೃದು ಅಂಗಾಂಶವಿದ್ದಾಗ ಈ ಚಕ್ರ ಮೂಡುತ್ತದೆ. ಸುತ್ತಿಕೊಳ್ಳುವಾಗ ಮುರಿಯದೆ ಬಾಗಬೇಕಾದ ಹಲವು ಬಳ್ಳಿಗಳಲ್ಲಿ ಇದೇ ರಚನೆಯಿದೆ. ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ ಕಾಕಮಾರಿಯಲ್ಲೂ ಇದೆ, ಬೇರೆಯೇ ಕುಟುಂಬದ ಈಶ್ವರಿ ಬಳ್ಳಿಯಲ್ಲೂ ಇದೆ. ಈ ಎರಡೂ ಬಾಯಿಗೆ ಹಾಕಬಾರದ ಬಳ್ಳಿಗಳು. ಚಕ್ರ ಕಾಣದಿದ್ದರೆ ಅದು ಅಮೃತಬಳ್ಳಿಯಲ್ಲವೆಂದು ಹೇಳಬಹುದು. ಕಂಡಿತೆಂದು ಅಮೃತಬಳ್ಳಿಯೇ ಎನ್ನುವಂತಿಲ್ಲ.

ಕಾಕಮಾರಿ ದೊಡ್ಡ ಬಳ್ಳಿ, ಬಲಿತಾಗ ಮರದಂತೆ ಗಡುಸಾಗುತ್ತದೆ. ತೊಗಟೆ ಬೆಂಡಿನಂತೆ ದಪ್ಪವಾಗಿದ್ದು ಉದ್ದುದ್ದಕ್ಕೆ ಸೀಳಿರುತ್ತದೆ. ಎಲೆ ಅಮೃತಬಳ್ಳಿಗಿಂತ ದೊಡ್ಡದು, ದಪ್ಪ. ತೊಟ್ಟಿನ ತುದಿಯಲ್ಲಿ ಉಬ್ಬುಗಂಟು ಇದಕ್ಕೂ ಇರುವುದರಿಂದ ಎಲೆಯನ್ನು ಮಗುಚಿ ನೋಡಬೇಕು: ಅಡಿಭಾಗದಲ್ಲಿ ನರಗಳು ಕವಲೊಡೆಯುವ ಮೂಲೆಗಳಲ್ಲಿ ಪುಟ್ಟ ಪುಟ್ಟ ರೋಮದ ಕುಚ್ಚುಗಳಿರುತ್ತವೆ. ಹಣ್ಣುಗಳು ಉದ್ದನೆಯ, ಭಾರವಾದ ಗೊಂಚಲುಗಳಲ್ಲಿ ಜೋತುಬೀಳುತ್ತವೆ, ಮಾಗಿದಾಗ ಕಪ್ಪು ಛಾಯೆಗೆ ಬರುತ್ತವೆ.  ಇದರ ಬೀಜದಲ್ಲಿರುವ ಪಿಕ್ರೊಟಾಕ್ಸಿನ್ ನರವ್ಯೂಹವನ್ನು ಶಾಂತವಾಗಿಡುವ ಸಂಕೇತಗಳನ್ನೇ ತಡೆಯುವುದರಿಂದ ಸೆಳವು ಬರುತ್ತದೆ. ಕೆರೆಯ ಮೀನುಗಳನ್ನು ಮಂಕಾಗಿಸಿ ಹಿಡಿಯಲು ಈ ಬೀಜವನ್ನು ಅರೆದು ಹಾಕುತ್ತಿದ್ದರೆಂದರೆ ಅದರ ತೀಕ್ಷ್ಣತೆ ಅರ್ಥವಾದೀತು.

ಈಶ್ವರಿ ಬಳ್ಳಿ ಇನ್ನೂ ಮೋಸದ್ದು, ಏಕೆಂದರೆ ಅದರ ವಿಷ ತಕ್ಷಣಕ್ಕೆ ತನ್ನ ಸುಳಿವು ಕೊಡುವುದಿಲ್ಲ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ನಿಧಾನವಾಗಿ ಹಾಳುಮಾಡುತ್ತದೆ, ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರಿಗೂ ದಾರಿಯಾಗುತ್ತದೆ. ಈ ಕುಲದ ಸಸ್ಯಗಳಿರುವ ಔಷಧಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ಮೊದಲ ವರ್ಗಕ್ಕೆ ಸೇರಿಸಿತು. ಗುರುತು ಹೂವಿನಲ್ಲಿ ಸ್ಪಷ್ಟವಾಗಿದೆ: ಬುಡದಲ್ಲಿ ಗುಂಡಗೆ ಉಬ್ಬಿ, ಕೊಳವೆಯಾಗಿ ಬಾಗಿ, ತುದಿಯಲ್ಲಿ ನಾಲಗೆಯಂತೆ ಚಾಚಿದ ಹೂವು ಬೇರೆ ಬಳ್ಳಿಗಳಲ್ಲಿ ಕಾಣಸಿಗುವುದು ಅಪರೂಪ. ಕಾಯಿ ಒಣಗಿದಾಗ ಬಿರಿದು, ದಾರಗಳಿಂದ ತೂಗುಬಿಟ್ಟ ಪುಟ್ಟ ಬುಟ್ಟಿಯಂತೆ ನೇತಾಡುತ್ತದೆ. ರಸಭರಿತ ಕೆಂಪು ಹಣ್ಣು ಇದಕ್ಕೆ ಬಿಡುವುದೇ ಇಲ್ಲ. ಎಲೆಯ ಆಕಾರವೋ ಒಂದೇ ಬಳ್ಳಿಯಲ್ಲಿ ಅಗಲವೂ ಕಿರಿದೂ ಆಗಿ ಬದಲಾಗುತ್ತದೆ, ಅದನ್ನು ನೆಚ್ಚಬೇಡಿ.

ಅಮೃತಬಳ್ಳಿಯ ಕುಟುಂಬವನ್ನೂ ಈಶ್ವರಿಯ ಕುಲವನ್ನೂ ಒಂದೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನಡೆದದ್ದಕ್ಕಿಂತ ದಾರುಣವಾದ ಉದಾಹರಣೆ ನನಗೆ ಗೊತ್ತಿಲ್ಲ. ತೂಕ ಇಳಿಸುವ ಚಿಕಿತ್ಸೆಗೆ ಬಳಸಬೇಕಾಗಿದ್ದದ್ದು ಅಮೃತಬಳ್ಳಿಯ ಕುಟುಂಬದ ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಬಳ್ಳಿಯ ಬೇರು. ಚೀನೀ ಭಾಷೆಯಲ್ಲಿ ಅದರ ಹೆಸರು ಹಾನ್ ಫಾಂಗ್ ಜಿ. ಅದರ ಬದಲು ಬಂದದ್ದು ಗುವಾಂಗ್ ಫಾಂಗ್ ಜಿ ಎಂಬ ಹೆಸರಿನ, ಈಶ್ವರಿಯ ಕುಲದ ಇನ್ನೊಂದು ಬಳ್ಳಿಯ ಬೇರು. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ, ಒಣಗಿಸಿ ಕತ್ತರಿಸಿದ ಬೇರಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳಿಗೆ ಹಾನಿಯಾಯಿತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಒಣಗಿದ ತುಂಡನ್ನೋ ಪುಡಿಯನ್ನೋ ತಂದು “ಇದು ಯಾವ ಬಳ್ಳಿ?” ಎಂದು ಕೇಳುವವರಿಗೆ ನಾನು ಉತ್ತರ ಕೊಡದಿರುವುದು ಈ ಕಾರಣಕ್ಕೆ. ಎಲೆ, ಗೆಣ್ಣು, ಹಣ್ಣು ಎಲ್ಲ ಕಳೆದುಕೊಂಡ ತುಂಡು ತನ್ನ ಗುರುತನ್ನೂ ಕಳೆದುಕೊಂಡಿರುತ್ತದೆ. ಆಮೇಲೆ ಪ್ರಯೋಗಾಲಯವೇ ಹೇಳಬೇಕು.

ಬೇಲಿಯ ಬಳ್ಳಿಗಳಲ್ಲಿ ಇನ್ನೊಂದು ತೊಡಕಿದೆ: ಅವು ಒಂಟಿಯಾಗಿರುವುದು ಅಪರೂಪ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬರು ಅಮೃತಬಳ್ಳಿಯೆಂದು ತಂದಿದ್ದ ಕಟ್ಟನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಸುತ್ತು ಬಿಡಿಸುತ್ತ ಹೋದಾಗ, ಹೃದಯದಾಕಾರದ ಎಲೆ ಒಂದು ಬಳ್ಳಿಯದೂ ಕೆಂಪು ಹಣ್ಣು ಅದರ ಮೈಗೆ ಸುತ್ತಿಕೊಂಡಿದ್ದ ಮತ್ತೊಂದರದೂ ಎಂದು ತಿಳಿಯಿತು. ಎಲೆ ಹಣ್ಣು ಎರಡನ್ನೂ ಅವರು ನೋಡಿದ್ದರು, ಆದರೆ ಎರಡೂ ಒಂದೇ ಕಾಂಡದಿಂದ ಹೊರಟಿವೆಯೇ ಎಂದು ನೋಡಿರಲಿಲ್ಲ. ಹಾಂಕಾಂಗ್‌ನಲ್ಲಿ ಅತ್ತಿಯ ಜಾತಿಯ ಒಂದು ಗಿಡದ ಬೇರನ್ನು ಬೇಯಿಸಿ ಕುಡಿದವರು ವಿಷಕ್ಕೆ ಸಿಲುಕಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ; ಆ ಗಿಡದಲ್ಲಿ ದೋಷವಿರಲಿಲ್ಲ, ಅದರ ಜೊತೆ ಹೆಣೆದುಕೊಂಡು ಬೆಳೆಯುವ ಗೆಲ್ಸೆಮಿಯಂ ಎಂಬ ಉಗ್ರವಿಷದ ಬಳ್ಳಿಯ ಬೇರು ಅದರೊಂದಿಗೆ ಸೇರಿಹೋಗಿತ್ತು. ಆದ್ದರಿಂದ ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ಗೆಣ್ಣಿಗೆ, ಗೆಣ್ಣಿನಿಂದ ಕಾಂಡದ ಬುಡಕ್ಕೆ ಬೆರಳಿಟ್ಟು ಹೋಗಿ. ನಡುವೆ ಎಲ್ಲಿಯೂ ಬೆರಳು ಎತ್ತಬಾರದು.

ಇನ್ನು ನಿಮ್ಮ ಎರಡನೆಯ ಬಳ್ಳಿ. ತೊಂಡೆಯ ಕಾಯಿಗೂ ಎಳೆಯದರಲ್ಲಿ ಬಿಳಿ ಗೆರೆಗಳಿರುವುದರಿಂದಲೇ ಗೊಂದಲ ಹುಟ್ಟುತ್ತದೆ. ತೊಂಡೆ ಹಣ್ಣಾಗುವಾಗ ಗೆರೆಗಳು ಅಳಿದು ಇಡೀ ಹಣ್ಣು ಒಂದೇ ಸಮನೆ ಕೆಂಪಾಗುತ್ತದೆ. ಲಿಂಗತೊಂಡೆಯ ಹಣ್ಣು ಕೆಂಪಾದ ಮೇಲೂ ಬಿಳಿ ಗೆರೆಗಳು ಉಳಿಯುತ್ತವೆ. ತೊಂಡೆ ಉದ್ದನೆಯದು, ಒಂಟಿಯಾಗಿ ಬಿಡುತ್ತದೆ. ಲಿಂಗತೊಂಡೆ ಗೋಲಿಯಂತೆ ದುಂಡು, ಗೆಣ್ಣಿನಲ್ಲಿ ಎರಡು ಮೂರು ಒಟ್ಟಿಗೆ ಕುಳಿತಿರುತ್ತವೆ. ಹಣ್ಣಿಲ್ಲದ ಕಾಲದಲ್ಲಿ, ಬಳ್ಳಿ ಆಸರೆ ಹಿಡಿಯುವ ಸುರುಳಿ ತಂತುವನ್ನು ನೋಡಿ: ತೊಂಡೆಯಲ್ಲಿ ಅದು ಕವಲಿಲ್ಲದ ಒಂದೇ ಎಳೆ, ಲಿಂಗತೊಂಡೆಯಲ್ಲಿ ಎರಡಾಗಿ ಕವಲೊಡೆದಿರುತ್ತದೆ. ತೊಂಡೆಯ ಹೂವು ದೊಡ್ಡದು, ಬಿಳಿ. ಇನ್ನೊಂದರದು ಚಿಕ್ಕದು, ಹಳದಿ ಮಿಶ್ರಿತ ಹಸಿರು. ಲಿಂಗತೊಂಡೆಯ ಹೆಸರು ಬಂದದ್ದು ಅದರ ಬೀಜದ ಆಕಾರದಿಂದ. ಅದರ ಹಣ್ಣನ್ನು ವಿಷದ ಹಣ್ಣುಗಳ ಸಾಲಿನಲ್ಲೇ ಇಡಬೇಕು, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಉಳಿಸಬಾರದು.

ತೊಂಡೆಯ ಕುಟುಂಬದ ಬಗ್ಗೆ ಇನ್ನೊಂದು ಮಾತು. ಸೋರೆ, ಸೌತೆ, ಹೀರೆಗಳ ಒಂದು ಕಾಯಿ ಎಂದಿನಂತಿರದೆ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಹೆಚ್ಚಾಗಿದೆ ಎಂದರ್ಥ. ಹೊರನೋಟಕ್ಕೆ ಸಿಹಿ ಸೋರೆಗೂ ಕಹಿ ಸೋರೆಗೂ ವ್ಯತ್ಯಾಸವೇ ಇರುವುದಿಲ್ಲ. ನಾಲಗೆಗೆ ಕಹಿ ತಗುಲಿದ ಕೂಡಲೇ ಉಗುಳಬೇಕು. ಕಹಿ ಸೋರೆಯ ರಸವನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಬಲವಂತವಾಗಿ ಕುಡಿದವರು ರಕ್ತವಾಂತಿಯಾಗಿ ಪ್ರಾಣ ಕಳೆದುಕೊಂಡದ್ದಿದೆ.

ಹಾಗೆಂದು ನಾಲಗೆಯನ್ನು ಪರೀಕ್ಷೆಯ ಸಾಧನವಾಗಿ ಮಾಡಿಕೊಳ್ಳಬೇಡಿ. ಗುಲಗಂಜಿಯ ಎಲೆ ಜಗಿದರೆ ಸಿಹಿ. ಅದೇ ಬಳ್ಳಿಯ ಬೀಜದಲ್ಲಿರುವ ಅಬ್ರಿನ್, ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುವ ವಿಷ. ಇಡೀ ಬೀಜವನ್ನು ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಅದು ಹಾಗೆಯೇ ಹೊರಬೀಳುವುದುಂಟು, ಅಗಿದರೆ ಅಥವಾ ತೂತು ಕೊರೆದ ಬೀಜವಾಗಿದ್ದರೆ ಅಪಾಯ. ಅದಕ್ಕೆ ಪ್ರತಿವಿಷವಿಲ್ಲ, ಲಕ್ಷಣಗಳು ತಡವಾಗಿಯೂ ಕಾಣಿಸಬಹುದು. ಕಪ್ಪುಕಣ್ಣಿನ ಕೆಂಪು ಬೀಜ ಎಲ್ಲರಿಗೂ ಗೊತ್ತು. ಕೋಡು ಒಡೆಯುವ ಮುನ್ನ ಬಳ್ಳಿಯನ್ನು ಗುರುತಿಸುವುದೇ ಕಷ್ಟ. ಶಂಖಪುಷ್ಪದ ಬಳ್ಳಿಯೊಡನೆ ಅದನ್ನು ಹೋಲಿಸಿ ನೋಡಿ. ಶಂಖಪುಷ್ಪದ ಎಲೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆಗಳು, ತುದಿಯಲ್ಲಿ ಒಂಟಿಯಾದ ಒಂದು. ಗುಲಗಂಜಿಯಲ್ಲಿ ಹತ್ತಾರು ಜೋಡಿ ಕಿರುಎಲೆಗಳು ಹುಣಸೆಯ ಎಲೆಯಂತೆ ಸಾಲಾಗಿದ್ದು ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ.

ಕಿರುಎಲೆ ಎಣಿಸುವಾಗ ಯಾವುದು ಇಡೀ ಎಲೆ, ಯಾವುದು ಅದರ ಭಾಗ ಎಂಬುದು ಗೊತ್ತಿರಬೇಕು. ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಮೊಗ್ಗು ಇದ್ದರೆ ಅದು ಇಡೀ ಎಲೆ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಉತ್ತರ ಅಮೆರಿಕದಲ್ಲಿ ಮುಟ್ಟಿದರೇ ಚರ್ಮ ಉರಿದು ಬೊಕ್ಕೆಯೇಳಿಸುವ ಪಾಯ್ಸನ್ ಐವಿಗೆ ಮೂರು ಕಿರುಎಲೆ, ಅದನ್ನು ಹೋಲುವ ವರ್ಜೀನಿಯಾ ಕ್ರೀಪರಿಗೆ ಐದು. ಆದರೆ ಎಳೆಯ ವರ್ಜೀನಿಯಾ ಕ್ರೀಪರಿನಲ್ಲಿ ಮೂರೇ ಇರುವುದುಂಟು. ಆಗ ಎಣಿಕೆ ಬಿಟ್ಟು, ಹತ್ತುವ ರೀತಿಯನ್ನು ನೋಡಬೇಕಾಗುತ್ತದೆ: ಪಾಯ್ಸನ್ ಐವಿ ರೋಮದಂಥ ಬೇರುಗಳಿಂದ ಮರಕ್ಕೆ ಅಂಟಿದರೆ, ವರ್ಜೀನಿಯಾ ಕ್ರೀಪರ್ ತುದಿಯಲ್ಲಿ ಅಂಟುಬಿಲ್ಲೆಗಳಿರುವ ತಂತುಗಳಿಂದ ಹತ್ತುತ್ತದೆ.

ನೆಲದಡಿಯ ಭಾಗದಲ್ಲಿ ಗೊಂದಲವಾದರೆ ಪರಿಣಾಮ ಇನ್ನೂ ಕೆಟ್ಟದ್ದು. ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಬಳ್ಳಿಯನ್ನು ಎಲೆಯಿರುವಾಗ ತಪ್ಪಾಗಿ ತಿಳಿಯುವ ಸಂಭವವೇ ಕಡಿಮೆ, ಏಕೆಂದರೆ ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಬಳ್ಳಿ ಒಣಗಿದ ಮೇಲೆ ಉಳಿಯುವ ಬಾಗಿದ ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದವರ ವರದಿಗಳು ಶ್ರೀಲಂಕಾದಿಂದ ಹಲವು ಬಂದಿವೆ. ಅದರ ಕಾಲ್ಚಿಸಿನ್ ಬೇಯಿಸಿದರೂ ನಾಶವಾಗುವುದಿಲ್ಲ. ಕೆಲವು ಗಂಟೆಗಳ ನಂತರ ವಾಂತಿಭೇದಿ ಶುರುವಾಗಿ, ಮುಂದಿನ ದಿನಗಳಲ್ಲಿ ಒಂದೊಂದೇ ಅಂಗ ಕುಸಿಯುತ್ತದೆ. ಕಾಡುಗೆಣಸುಗಳಲ್ಲೂ ಮೂರು ಕಿರುಎಲೆಯ, ಕಾಂಡದಲ್ಲಿ ಮುಳ್ಳಿರುವ ಡಯಾಸ್ಕೋರಿಯಾ ಹಿಸ್ಪಿಡಾ ವಿಷದ್ದು. ನೀವಾಗಿಯೇ ನೆಡದ ಬಳ್ಳಿಯ ಗೆಡ್ಡೆಯನ್ನು ಅಗೆದು ತಿನ್ನಲೇಬೇಡಿ.

ಹಕ್ಕಿ ತಿನ್ನುವ ಹಣ್ಣನ್ನು ನಾವೂ ತಿನ್ನಬಹುದು, ಹುಳು ಮುಟ್ಟಿದ ಎಲೆಯಲ್ಲಿ ವಿಷವಿರದು ಎಂಬ ನಂಬಿಕೆಗಳನ್ನು ದಯವಿಟ್ಟು ಬಿಟ್ಟುಬಿಡಿ. ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯ ಮರಿಹುಳುಗಳು ಬೆಳೆಯುವುದೇ ಈಶ್ವರಿಯ ಕುಟುಂಬದ ಸಸ್ಯಗಳ ಮೇಲೆ. ಆ ವಿಷವನ್ನು ಮೈಯಲ್ಲಿ ತುಂಬಿಕೊಂಡೇ ಅವು ಶತ್ರುಗಳಿಂದ ಪಾರಾಗುತ್ತವೆ. ಪ್ರಾಣಿಯಿಂದ ಪ್ರಾಣಿಗೆ ಜೀರ್ಣಶಕ್ತಿ ಬೇರೆ. ಹೀಗಾಗಿಯೇ, ಈಶ್ವರಿ ಬಳ್ಳಿ ಮಕ್ಕಳ ಓಡಾಟದಿಂದ ದೂರವಿದ್ದರೆ ಅದನ್ನು ಕಿತ್ತೆಸೆಯಬೇಡಿ ಎಂದೇ ನಾನು ಕೇಳಿಕೊಳ್ಳುವುದು. ಆ ಚಿಟ್ಟೆಗಳಿಗೆ ಅದು ಮುಖ್ಯ ಆಸರೆ.

ಯಾರಾದರೂ ಗೊತ್ತಿಲ್ಲದ ಬಳ್ಳಿಯ ಹಣ್ಣನ್ನೋ ಬೀಜವನ್ನೋ ತಿಂದುಬಿಟ್ಟರೆ ಬಾಯಲ್ಲಿ ಉಳಿದದ್ದನ್ನು ತೆಗೆದು, ಬಾಯಿ ತೊಳೆಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಎಲೆ, ಕಾಂಡ, ಹಣ್ಣು ಮೂರೂ ಇರುವ ಒಂದು ಮೊಳದಷ್ಟು ಬಳ್ಳಿಯನ್ನು ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ನಿಮ್ಮ ಪರಿಚಯದವರು ಈ ಬಳ್ಳಿಯ ಕಷಾಯವನ್ನು ಈಗಾಗಲೇ ಕುಡಿಯುತ್ತಿದ್ದರೆ ನಿಲ್ಲಿಸಲು ಹೇಳಿ. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಸುಸ್ತಾದರೆ ಯಕೃತ್ತಿನ ಪರೀಕ್ಷೆ ಆಗಲೇಬೇಕು.

ಲಿಂಗತೊಂಡೆಯನ್ನು ಈ ವಾರವೇ ಕೈಗವಸು ಹಾಕಿಕೊಂಡು ಬುಡಸಮೇತ ತೆಗೆಯಿರಿ, ನೆಲಕ್ಕೆ ಬಿದ್ದ ಹಣ್ಣುಗಳನ್ನೂ ಆರಿಸಿ ಹೂಳಿಬಿಡಿ. ಮೊದಲ ಬಳ್ಳಿಯನ್ನು ಹಾಗೆಯೇ ಬಿಟ್ಟು ಹಣ್ಣಾಗುವವರೆಗೆ ಗಮನಿಸಬಹುದು. ಇದರಲ್ಲಿ ಗಂಡು ಹೆಣ್ಣು ಬಳ್ಳಿಗಳು ಬೇರೆಬೇರೆಯಾದ್ದರಿಂದ ಹಣ್ಣು ಬರದೆಯೂ ಇರಬಹುದು. ಆಗ ಕಾಂಡದ ಸಿಪ್ಪೆ, ರಸದ ಬಣ್ಣ, ತೊಟ್ಟಿನ ಗಂಟು, ಎಲೆಯ ಅಡಿಭಾಗ ಈ ನಾಲ್ಕರ ಚಿತ್ರಗಳನ್ನು ಹತ್ತಿರದಿಂದ ತೆಗೆದು, ಒಂದೇ ಕಾಂಡದ ಉದ್ದನೆಯ ತುಂಡಿನೊಂದಿಗೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ದು ತೋರಿಸಿ.